ಹಸಿರು ನೀರಿನಲ್ಲಿ ಎಣ್ಣೆ!

ಮಕ್ಕಳೇ, ನೀರಿನ ತೊಟ್ಟಿಯನ್ನು ಕೆಲವು ವಾರ ತೊಳೆಯದೆ ಬಿಟ್ಟರೆ ಏನಾಗುತ್ತದೆ? ನೀರು ಹಸಿರಾಗುತ್ತದೆ. 'ಪಾಚಿ ಕಟ್ಟಿದೆ, ಉಜ್ಜಿ' ಎಂದು ದೊಡ್ಡವರು ನಿಮ್ಮ ಕೈಗೆ ಪೊರಕೆ ಕೊಡುತ್ತಾರೆ. ಇದೇ ಪಾಚಿಯ ಬಳಗದವುಗಳಿಂದ ವಾಹನ ಓಡಿಸುವ ಎಣ್ಣೆ ತೆಗೆಯಬಹುದು ಎಂದರೆ ನಂಬುತ್ತೀರಾ?

ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿಗಳಿಗೆ ಬೇರು, ಕಾಂಡ, ಎಲೆಗಳಿಲ್ಲ. ಹೆಚ್ಚಿನವುಗಳ ದೇಹ ಒಂದೇ ಒಂದು ಜೀವಕೋಶ. ಆದರೂ ಗಿಡಗಳಂತೆ ಬಿಸಿಲು, ನೀರು ಮತ್ತು ಇಂಗಾಲದ ಡೈ ಆಕ್ಸೈಡ್ ಬಳಸಿ ಆಹಾರ ತಯಾರಿಸಿಕೊಳ್ಳುತ್ತವೆ. ಹೊಂಗೆ ಬೀಜದಲ್ಲಿ ಎಣ್ಣೆ ಇರುವಂತೆ ಇವುಗಳ ಕೋಶದೊಳಗೂ ಎಣ್ಣೆಯ ಹನಿಗಳಿರುತ್ತವೆ. ಆ ಎಣ್ಣೆಯನ್ನು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಿದರೆ ಜೈವಿಕ ಡೀಸೆಲ್ ಸಿಗುತ್ತದೆ. ಹೊಲ ಬೇಕಿಲ್ಲ, ಉಪ್ಪುನೀರಾದರೂ ಸಾಕು.

ಅಮೆರಿಕದ ವಿಜ್ಞಾನಿಗಳು 1978ರಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಕೆರೆ, ಕಡಲುಗಳಿಂದ ಸುಮಾರು 3000 ಬಗೆಯ ಪಾಚಿಗಳನ್ನು ತಂದು ಪರೀಕ್ಷಿಸಿದರು. ನ್ಯೂ ಮೆಕ್ಸಿಕೋದ ರಾಸ್‌ವೆಲ್ ಎಂಬಲ್ಲಿ ದೊಡ್ಡ ಕೊಳಗಳನ್ನೂ ಕಟ್ಟಿದರು. ಆದರೆ ಅಲ್ಲಿ ರಾತ್ರಿ ಚಳಿ ಹೆಚ್ಚು, ಪಾಚಿ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ.

ಇನ್ನೊಂದು ತೊಡಕಿದೆ. ನನಗೆ ಬಹಳ ಸ್ವಾರಸ್ಯವೆನಿಸಿದ್ದು ಇದೇ. ಸಾರಜನಕ ಸಿಗದಂತೆ ಮಾಡಿದರೆ ಅನೇಕ ಪಾಚಿಗಳು ಹೆಚ್ಚು ಎಣ್ಣೆ ಕೂಡಿಡುತ್ತವೆ. ಆದರೆ ಸಾರಜನಕವಿಲ್ಲದೆ ಪ್ರೋಟೀನ್ ತಯಾರಾಗದು, ಪ್ರೋಟೀನ್ ಇಲ್ಲದೆ ಹೊಸ ಕೋಶ ಹುಟ್ಟದು. ಅಂದರೆ ಎಣ್ಣೆ ಹೆಚ್ಚಾದಾಗ ಬೆಳೆ ಕುಗ್ಗುತ್ತದೆ! ಜೊತೆಗೆ ಕೊಳದ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಪಾಚಿಯೂ ಇರುವುದಿಲ್ಲ. ಅಷ್ಟೂ ನೀರನ್ನು ಬೇರ್ಪಡಿಸುವ ಖರ್ಚು ಎಷ್ಟಾಗಬಹುದು, ಯೋಚಿಸಿ. ಈ ಎಣ್ಣೆ ಪೆಟ್ರೋಲಿಯಂ ಎಣ್ಣೆಗಿಂತ ದುಬಾರಿಯಾಯಿತು. 1996ರಲ್ಲಿ ಯೋಜನೆ ನಿಂತಿತು. 2009ರಲ್ಲಿ ಇದೇ ಹಾದಿ ಹಿಡಿದ ಎಕ್ಸಾನ್‌ಮೊಬಿಲ್ ಕಂಪನಿಯೂ ಹತ್ತಕ್ಕೂ ಹೆಚ್ಚು ವರ್ಷ ಪ್ರಯತ್ನಿಸಿ ಕೈಬಿಟ್ಟಿತು.

ಹಾಗಾದರೆ ಪಾಚಿ ಬೆಳೆಯುವವರೇ ಇಲ್ಲವೇ? ಇದ್ದಾರೆ, ಎಣ್ಣೆಗಾಗಿ ಅಲ್ಲ ಅಷ್ಟೆ. ಆಸ್ಟ್ರೇಲಿಯಾದ ಹಟ್ ಲಗೂನ್ ಎಂಬ ಉಪ್ಪುನೀರಿನ ಸರೋವರ ಗುಲಾಬಿ ಬಣ್ಣದ್ದು. ಅಲ್ಲಿರುವ ಡುನಾಲಿಯೆಲ್ಲಾ ಎಂಬ ಪಾಚಿ, ಸುಡುವ ಬಿಸಿಲಿನಿಂದ ಪಾರಾಗಲು ಬೀಟಾ ಕೆರೋಟಿನ್ ಎಂಬ ವರ್ಣದ್ರವ್ಯವನ್ನು ತುಂಬಿಕೊಳ್ಳುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಅದೇ. ನಮ್ಮ ದೇಹ ಅದರಿಂದ 'ಎ' ವಿಟಮಿನ್ ತಯಾರಿಸಿಕೊಳ್ಳುತ್ತದೆ. ಇದಕ್ಕೆ ಡೀಸೆಲ್‌ಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ಒಣಗಿಸಿದ ಸ್ಪಿರುಲಿನಾದಲ್ಲಂತೂ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್. ಅದನ್ನು ಬೆಳೆಸುವ ಬಗ್ಗೆ ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಸಂಶೋಧನೆ ನಡೆದಿದೆ. (ಸ್ಪಿರುಲಿನಾ ನಿಜಕ್ಕೂ ಒಂದು ಬ್ಯಾಕ್ಟೀರಿಯಾ, ಪಾಚಿ ಎನ್ನುವುದು ರೂಢಿ.) ಎಣ್ಣೆಯ ಜೊತೆಗೆ ಇಂಥ ಬೆಲೆಬಾಳುವ ವಸ್ತುವನ್ನೂ ಒಂದೇ ಪಾಚಿಯಿಂದ ತೆಗೆದರೆ ಖರ್ಚು ಸರಿದೂಗೀತೇ ಎಂದು ವಿಜ್ಞಾನಿಗಳು ಈಗ ಹುಡುಕುತ್ತಿದ್ದಾರೆ.

ಮಾಡಿ ನೋಡಿ: ಎರಡು ಪಾರದರ್ಶಕ ಬಾಟಲಿಗಳಲ್ಲಿ ತೊಟ್ಟಿಯ ಹಸಿರು ನೀರನ್ನು ಅರ್ಧ ತುಂಬಿ. ಎರಡಕ್ಕೂ ಒಂದೇ ಅಳತೆಯ ಶುದ್ಧ ನೀರು ಸೇರಿಸಿ. ಒಂದಕ್ಕೆ ಮಾತ್ರ ಚಿಟಿಕೆಯಷ್ಟು ಯೂರಿಯಾ ಹಾಕಿ (ಅದರಲ್ಲಿ ಸಾರಜನಕವಿದೆ). ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ತೆಳು ಬಟ್ಟೆ ಕಟ್ಟಿ, ಎರಡನ್ನೂ ಬೆಳಕಿರುವ ಕಿಟಕಿಯಲ್ಲಿಡಿ. ನಂತರ ಕೈಗಳನ್ನು ಸೋಪಿನಿಂದ ತೊಳೆಯಿರಿ. ಹತ್ತು ದಿನ ಪ್ರತಿದಿನ ಬಣ್ಣವನ್ನು ಬರೆದಿಡಿ. ಯಾವ ಬಾಟಲಿ ಹೆಚ್ಚು ಹಸಿರಾಯಿತು? ಏಕೆ?