ಆಕ್ಯುಪೇಷನಲ್ ಥೆರಪಿ: ನಮ್ಮ ಮಕ್ಕಳು ಕಾಣದ ಒಂದು ವೃತ್ತಿ

ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದವರಿಗೆ ವೈದ್ಯರು ಔಷಧಿ ಕೊಡುತ್ತಾರೆ. ಫಿಸಿಯೋಥೆರಪಿಸ್ಟರು ಕೈಕಾಲಿಗೆ ಬಲ ಬರುವಂತೆ ವ್ಯಾಯಾಮ ಮಾಡಿಸುತ್ತಾರೆ. ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಸ್ನಾನ ಮಾಡುವುದು, ಮತ್ತೆ ಅಂಗಡಿಯಲ್ಲಿ ಕೂರುವುದು – ಇವನ್ನೆಲ್ಲ ಹೊಸದಾಗಿ ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟರು. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೂ ಇವರ ನೆರವು ಬೇಕು. ಭಾರತದಲ್ಲಿ ಈ ಶಿಕ್ಷಣ 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ.

ಈ ಚಿಕಿತ್ಸೆಗೆ ರೋಗಿಯ ದಿನಚರಿಯೇ ಆಧಾರ. ದಿನಚರಿಯೋ ಮನೆಯಿಂದ ಮನೆಗೆ ಬೇರೆ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಬಾರ್ಥೆಲ್ ಸೂಚ್ಯಂಕವು ಊಟ, ಸ್ನಾನ, ಉಡುಪು, ಮೆಟ್ಟಿಲು ಹತ್ತುವುದು ಮುಂತಾದ 10 ವಿಷಯಗಳನ್ನು ಅಳೆಯುತ್ತದೆ. ಊಟದ ಭಾಗದಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದೂ ಬರುತ್ತದೆ; ನೆಲದಲ್ಲಿ ಕೂತು ಏಳುವುದು ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಊಟ ಚಾಪೆಯ ಮೇಲೆ, ಬಲಗೈಯಲ್ಲಿ. ದಿನಕ್ಕೆ ಐದು ಹೊತ್ತು ನಮಾಝ್, ಅದಕ್ಕೆ ವುಝೂ.

ಒಂದೇ ಕೈಯಲ್ಲಿ ವುಝೂ ಮಾಡುವುದು ಹೇಗೆ? ಕೂರಲು ಗಟ್ಟಿ ಸ್ಟೂಲು, ಕಾಲಡಿಗೆ ಜಾರದ ಹಾಸು, ಕೈಗೆಟಕುವ ನಲ್ಲಿ ಇದ್ದರೆ ಅರ್ಧ ಕಷ್ಟ ಕಳೆಯುತ್ತದೆ. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿ ನಮಾಝ್ ಮಾಡಲು ಶರೀಅತ್ ಅವಕಾಶ ಕೊಟ್ಟಿದೆ. ಇದನ್ನು ಬಲ್ಲ ಥೆರಪಿಸ್ಟ್ ಕುರ್ಚಿಯಿಂದ ಆರಂಭಿಸಿ, ಶಕ್ತಿ ಬಂದಂತೆ ಸುಜೂದಿನವರೆಗೆ ಗುರಿ ಇಡಬಹುದು.

ಕೇಳಿ ತಿಳಿಯುವ ಮನಸ್ಸಿದ್ದರೆ ಯಾವ ಧರ್ಮದವರೂ ಇದನ್ನು ಕಲಿಸಬಲ್ಲರು. ಆದರೆ ರೋಗಿ ಸಂಕೋಚದಿಂದ ಬಾಯಿಬಿಡದಿದ್ದರೆ? ಸ್ನಾನ, ಶೌಚದ ತರಬೇತಿಯನ್ನು ಪರಪುರುಷನಿಂದ ಪಡೆಯಲು ಒಪ್ಪದ ತಾಯಂದಿರು ಚಿಕಿತ್ಸೆಯನ್ನೇ ಬಿಟ್ಟುಬಿಡಬಹುದು. ತಂಡದಲ್ಲಿ ಬ್ಯಾರಿಯೋ ಉರ್ದುವೋ ಆಡುವ ಒಬ್ಬ ಹೆಣ್ಣುಮಗಳಿದ್ದರೆ ಆ ಸಂಕೋಚ ಕರಗುತ್ತದೆ, ಸಹೋದ್ಯೋಗಿಗಳಿಗೂ ತಿಳಿವಳಿಕೆ ಬರುತ್ತದೆ.

ಅಂಥವರು ಬರಬೇಕಾದರೆ ಮೊದಲು ಓದು ಬೇಕು. ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7 ಇದ್ದಾಗ, ಮುಸ್ಲಿಮರಲ್ಲಿ ಅದು ಶೇ. 4ಕ್ಕಿಂತ ಕಡಿಮೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಓದುವ ಮಕ್ಕಳ ಮನೆಯಲ್ಲೂ ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ಹೆಸರು ಕೇಳಿಬರುವುದು ಅಪರೂಪ.

ಪೋಷಕರ ಗಮನಕ್ಕೆ: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಬಿ.ಓ.ಟಿ. ಪದವಿಗೆ ಸೇರಬಹುದು. ನಾಲ್ಕು ವರ್ಷದ ಓದು, ನಂತರ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಈ ಪದವಿ ಇದೆ. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ತಂದಿದೆ; ಆದ್ದರಿಂದ ಶುಲ್ಕ ಕಟ್ಟುವ ಮೊದಲು ಕಾಲೇಜಿನ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳಿ.

ದಾನಿಗಳಲ್ಲಿ ವಿನಂತಿ: ವೀಲ್‌ಚೇರ್ ಕೊಡಿಸುವುದು ಪುಣ್ಯದ ಕೆಲಸ. ಅದರಲ್ಲಿ ಕೂತವರು ಮತ್ತೆ ತಮ್ಮ ಕೈಯಾರೆ ಉಣ್ಣುವಂತೆ ಮಾಡಬಲ್ಲ ಒಂದು ಮಗುವನ್ನು ಓದಿಸುವುದೂ ಅಷ್ಟೇ ಪುಣ್ಯದ್ದು. ಅಲ್ಲಾಹನು ಸ್ವೀಕರಿಸಲಿ, ಆಮೀನ್.