ಲೆಕ್ಕ ತೋರಿಸಿ ಓಟು ಕೇಳು



ನಿನ್ನ ಕಾಗದ ಓದಿದೆ. ವಿಶಾಖಪಟ್ಟಣದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಭವಾನಿಪುರಂನ ಮನೆಗೇ ಬಂದುಬಿಡುತ್ತೇನೆ, ವಿಜಯವಾಡ ನಗರಪಾಲಿಕೆ ಚುನಾವಣೆಗೆ ನಿಲ್ಲುತ್ತೇನೆ ಎಂದು ಬರೆದಿದ್ದೀಯ. ವೈಜ್ಞಾನಿಕ ಕಥೆಗಳನ್ನು ಬರೆಯುವವನು ಅಂತ ಗೊತ್ತಾದರೆ ಜನ ನನ್ನನ್ನು ಗಂಭೀರವಾಗಿ ತಗೊಳ್ಳುತ್ತಾರೆಯೇ, ಬರೆಯುವುದನ್ನೇ ಬಿಟ್ಟುಬಿಡಲೇ ಎಂದೂ ಕೇಳಿದ್ದೀಯ. ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರಂತೆ. ನಾನು ಬೇಡ ಅನ್ನುವುದಿಲ್ಲ. ಆದರೆ ಹೋಗುವಾಗ ಜೊತೆಯಲ್ಲಿ ಏನು ಒಯ್ಯಬೇಕು ಅನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ನಿನ್ನಂತೆ ಯೋಚಿಸುವ ಬೇರೆ ಎಂಜಿನಿಯರ್ ಮಕ್ಕಳೂ ಇದ್ದಾರು ಅಂತ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಈ ದಾರಿಯಲ್ಲಿ ನಿಮ್ಮ ಊರಿನವರೇ ಒಬ್ಬರು ನಡೆದು ಹೋಗಿದ್ದಾರೆ. ಕಾನೂರಿ ಲಕ್ಷ್ಮಣರಾವ್, ಎಲ್ಲರ ಬಾಯಲ್ಲಿ ಕೆ.ಎಲ್. ರಾವ್. 1902ರಲ್ಲಿ ವಿಜಯವಾಡದ ಹತ್ತಿರದ ಕಂಕಿಪಾಡಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಶಾಲೆಯಲ್ಲಿ ಆಡುವಾಗ ಪೆಟ್ಟಾಗಿ ಒಂದು ಕಣ್ಣಿನ ದೃಷ್ಟಿ ಹೋಯಿತು. ಅಂಥ ಹುಡುಗ ಮುಂದೆ ಬರ್ಮಿಂಗ್‌ಹ್ಯಾಂನಲ್ಲಿ ಡಾಕ್ಟರೇಟ್ ಪಡೆದು, ನಾಗಾರ್ಜುನಸಾಗರದ ಕಲ್ಲುಗಾರೆಯ ಅಣೆಕಟ್ಟಿಗೆ ವಿನ್ಯಾಸ ಮಾಡಿ, 1962, 1967, 1971ರ ಚುನಾವಣೆಗಳಲ್ಲಿ ವಿಜಯವಾಡದಿಂದ ಲೋಕಸಭೆಗೆ ಗೆದ್ದರು. 1963ರಿಂದ ಸುಮಾರು ಹತ್ತು ವರ್ಷ ಕೇಂದ್ರದಲ್ಲಿ ನೀರಾವರಿ, ವಿದ್ಯುತ್ ಖಾತೆ ನೋಡಿಕೊಂಡರು. ಆತ್ಮಕಥೆಗೆ ಅವರು ಇಟ್ಟ ಹೆಸರು ‘ದಿ ಕ್ಯೂಸೆಕ್ಸ್ ಕ್ಯಾಂಡಿಡೇಟ್’. ಕ್ಯೂಸೆಕ್ ಲೆಕ್ಕ ಹೇಳಿಕೊಂಡೇ ಮತ ಕೇಳಿದ ಮನುಷ್ಯ. ನಿಮ್ಮಲ್ಲಿಗೆ ನೀರು ಬಿಡುವ ಪುಲಿಚಿಂತಲ ಜಲಾಶಯಕ್ಕೆ ಈಗ ಅವರದೇ ಹೆಸರು.

ರಾವ್ ಕಥೆ ಬರೆದವರಲ್ಲ. ಆದರೆ 1972ರಲ್ಲಿ ಅವರು ದೇಶದ ಮುಂದಿಟ್ಟ ಗಂಗಾ-ಕಾವೇರಿ ಜೋಡಣೆ ಯಾವ ವೈಜ್ಞಾನಿಕ ಕಾದಂಬರಿಗೂ ಕಡಿಮೆಯದಲ್ಲ. ಪಟ್ನಾದ ಬಳಿ ಗಂಗೆಯಿಂದ 60 ಸಾವಿರ ಕ್ಯೂಸೆಕ್ ನೀರನ್ನು ವರ್ಷಕ್ಕೆ 150 ದಿನ ತೆಗೆಯುವುದು, ಅದರಲ್ಲಿ ಹೆಚ್ಚಿನ ಪಾಲನ್ನು ಸುಮಾರು 550 ಮೀಟರ್ ಮೇಲೆತ್ತುವುದು, 2,640 ಕಿಲೋಮೀಟರ್ ಉದ್ದಕ್ಕೆ ಹರಿಸಿ ದಕ್ಷಿಣಕ್ಕೆ ತರುವುದು, ಹೊಸದಾಗಿ 40 ಲಕ್ಷ ಹೆಕ್ಟೇರಿಗೆ ನೀರುಣಿಸುವುದು. ಅವರು ಹೇಳಿದ ವೆಚ್ಚ 12,500 ಕೋಟಿ ರೂಪಾಯಿ.

ಈಗ ಕಾಗದ ಪೆನ್ಸಿಲು ತಗೊಂಡು ಕೂರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. 60 ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಲಕ್ಷ ಲೀಟರ್, ತೂಕದಲ್ಲಿ 1,700 ಟನ್. ಅಷ್ಟನ್ನೂ 550 ಮೀಟರ್ ಎತ್ತುವುದಾದರೆ ಪಂಪಿನ ನಷ್ಟ ಬಿಟ್ಟು ಸುಮಾರು 9,200 ಮೆಗಾವಾಟ್ ಬೇಕು. ಇಬ್ರಾಹಿಂಪಟ್ಟಣದ ಉಷ್ಣ ವಿದ್ಯುತ್ ಸ್ಥಾವರ ನಿಮ್ಮ ಮನೆಗೆ ಹತ್ತಿರವೇ ಇದೆ. ಅಲ್ಲಿನ ಹಳೆಯ ಘಟಕಗಳು ತಲಾ 210 ಮೆಗಾವಾಟಿನವು. ಅಂಥವು ನಲವತ್ತಕ್ಕೂ ಮೇಲೆ ಬೇಕು, ಬರೀ ನೀರು ಎತ್ತುವುದಕ್ಕೆ. 1974ರಲ್ಲಿ ಇಡೀ ದೇಶದ ವಿದ್ಯುತ್ ಸಾಮರ್ಥ್ಯವೇ 17 ಸಾವಿರ ಮೆಗಾವಾಟ್ ಮುಟ್ಟಿರಲಿಲ್ಲ. ಕೇಂದ್ರ ಜಲ ಆಯೋಗ ಪರಿಶೀಲಿಸಿದಾಗಲೂ ಹೊರಬಿದ್ದದ್ದು ಇಂಥದೇ ತೊಡಕು: ಎತ್ತುವುದಕ್ಕೇ 5,000ದಿಂದ 7,000 ಮೆಗಾವಾಟ್ ಬೇಕು, ವೆಚ್ಚವನ್ನು ತೀರಾ ಕಡಿಮೆ ತೋರಿಸಲಾಗಿದೆ, ಪ್ರವಾಹ ತಡೆಯುವುದಕ್ಕೆ ಇದರಿಂದ ಪ್ರಯೋಜನವಿಲ್ಲ. ಯೋಜನೆ ಅಲ್ಲಿಗೇ ನಿಂತಿತು.

ರಾವ್ ಸೋತರು ಅಂತ ಇದನ್ನು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎಷ್ಟು ಕ್ಯೂಸೆಕ್, ಎಷ್ಟು ದಿನ, ಎಷ್ಟು ಎತ್ತರ, ಎಷ್ಟು ಕೋಟಿ ಎಂದು ಅವರು ಬಿಡಿಸಿ ಹೇಳಿದ್ದರಿಂದಲೇ ಇನ್ನೊಬ್ಬ ಎಂಜಿನಿಯರ್ ಕೂತು ಗುಣಿಸಿ, ಆಗುವುದಿಲ್ಲ ಅನ್ನಲು ಸಾಧ್ಯವಾಯಿತು. ಗಂಗೆಯನ್ನು ತಂದು ನಿಮ್ಮ ಹೊಲಕ್ಕೆ ಬಿಡುತ್ತೇನೆ ಎಂದಷ್ಟೇ ಹೇಳಿ ಕೈಮುಗಿದಿದ್ದರೆ ಯಾರೂ ಅದನ್ನು ಅಲ್ಲಗಳೆಯಲು ಆಗುತ್ತಿರಲಿಲ್ಲ. ಇವತ್ತಿನ ವೇದಿಕೆಗಳಲ್ಲಿ ಅಂಥ ಮಾತೇ ಹೆಚ್ಚು. ನಾನು ನಿನಗೆ ಹೇಳಬೇಕಾದ್ದು ಇದೊಂದೇ: ಇನ್ನೊಬ್ಬರು ಪರೀಕ್ಷೆ ಮಾಡಿ ತಪ್ಪು ಅನ್ನಲು ಬರುವ ಹಾಗೆ ಮಾತಾಡು. ಅಂಕಿ ಇಲ್ಲದ ಆಶ್ವಾಸನೆ ಒಂದನ್ನೂ ಕೊಡಬೇಡ.

ಇನ್ನು ಕಥೆಯ ವಿಚಾರ. ಬಿಡಬೇಡ. ತಮಿಳಿನ ಸುಜಾತ ಅವರನ್ನು ನೆನೆಸಿಕೋ. ಅವರ ನಿಜವಾದ ಹೆಸರು ಎಸ್. ರಂಗರಾಜನ್, ಹೆಂಡತಿಯ ಹೆಸರಿನಲ್ಲಿ ಬರೆಯುತ್ತಿದ್ದರು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್. ‘ಎನ್ ಇನಿಯ ಇಯಂದಿರಾ’ ಕಾದಂಬರಿಯಲ್ಲಿ ಅವರು ಜೀವಾ ಎಂಬೊಬ್ಬ ಸರ್ವಾಧಿಕಾರಿ ಆಳುವ ಮುಂದಿನ ಭಾರತವನ್ನು, ಜೀನೋ ಎಂಬ ಯಂತ್ರದ ನಾಯಿಯನ್ನು ಸೃಷ್ಟಿಸಿದರು. ಅದೇ ಮನುಷ್ಯ ಕಾರ್ಖಾನೆಯಲ್ಲಿ ವಿದ್ಯುನ್ಮಾನ ಮತಯಂತ್ರದ ವಿನ್ಯಾಸ ಮತ್ತು ತಯಾರಿಕೆಯ ಮೇಲ್ವಿಚಾರಣೆ ಮಾಡಿದರು. ಮತವೇ ಬೇಡವಾದ ದೇಶವನ್ನು ಕಲ್ಪಿಸಿಕೊಂಡವರ ಕೈಯಿಂದಲೇ ಮತ ಎಣಿಸುವ ಯಂತ್ರ ಬಂತು! ಕಲ್ಪನೆ ಅವರ ಎಂಜಿನಿಯರಿಂಗಿಗೆ ಅಡ್ಡ ಬಂದಿತು ಅಂತ ಯಾರಾದರೂ ಹೇಳಲಿ ನೋಡೋಣ.

ಆದರೆ ಆ ಯಂತ್ರದ ಚರಿತ್ರೆಯಲ್ಲಿ ನೀನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಒಂದು ಪ್ರಸಂಗ ಇದೆ. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಯಂತ್ರ ಬಳಸಿದರು. ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಎ.ಸಿ. ಜೋಸ್ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್, ಯಂತ್ರದಲ್ಲಿ ಮತ ಹಾಕಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು ಆ ಮತಗಟ್ಟೆಗಳ ಮತದಾನವನ್ನು ರದ್ದು ಮಾಡಿತು. ಮರುಮತದಾನದಲ್ಲಿ ಜೋಸ್ ಗೆದ್ದರು. ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದದ್ದು 1988ರ ಡಿಸೆಂಬರಿನಲ್ಲಿ. ಯಂತ್ರ ಸರಿ ಇದ್ದರೆ ಸಾಲದು ಕಣಪ್ಪ, ಅದಕ್ಕೆ ಶಾಸನದ ಒಪ್ಪಿಗೆ ಬೇಕು, ಅದರ ಮೇಲೆ ಸೋತವನಿಗೂ ನಂಬಿಕೆ ಬರಬೇಕು. ಎಂಜಿನಿಯರುಗಳು ರಾಜಕೀಯಕ್ಕೆ ಬಂದಾಗ ಎಡವುವುದು ಇಲ್ಲೇ. ಪರಿಹಾರ ಗೊತ್ತಿದೆಯಲ್ಲ, ಮತ್ತೇಕೆ ಈ ಚರ್ಚೆ ಅನ್ನುತ್ತಾರೆ. ಚರ್ಚೆಯೂ ಕೆಲಸದ ಭಾಗವೇ.

ಸೋಲಿಗೂ ತಯಾರಾಗಿರು. ನಮ್ಮ ಕವಿ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಬೆಂಗಳೂರಿನಿಂದ ನಿಂತು ಸೋತರು. ಕೈಗಾ ಅಣುಸ್ಥಾವರ ಬೇಡವೆಂದು ಹೋರಾಡಿದ ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಗೆಲ್ಲಲಿಲ್ಲ. ಎಂಜಿನಿಯರ್ ಆಗಿ, ಪುಸ್ತಕ ಬರೆದು, ಆಧಾರ್ ಕಟ್ಟಿದ ನಂದನ್ ನಿಲೇಕಣಿ 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಸೋತರು. ಓದುಗರ ಮೆಚ್ಚುಗೆ ಬೇರೆ, ಮತದಾರರ ಲೆಕ್ಕಾಚಾರ ಬೇರೆ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ.

ನಿನ್ನ ವಾರ್ಡಿಗೆ ಬರೋಣ. ಭವಾನಿಪುರಂಗೆ ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ಬುಡಮೇರು ಹೊಳೆ. 2024ರ ಸೆಪ್ಟೆಂಬರ್ ಮೊದಲ ವಾರ ಏನಾಯಿತೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ವೆಲಗಲೇರು ಬಳಿ ಬುಡಮೇರನ್ನು ತಿರುಗಿಸಿ ಕೃಷ್ಣೆಗೆ ಸೇರಿಸುವ ಕಾಲುವೆಯ ಸಾಮರ್ಥ್ಯ ಆಗ 15 ಸಾವಿರ ಕ್ಯೂಸೆಕ್ ಇತ್ತು. ಬಂದ ನೀರು ಅದರ ಎರಡು ಪಟ್ಟನ್ನೂ ಮೀರಿತು. ಅದೇ ಹೊತ್ತಿಗೆ ಕೃಷ್ಣೆಯೂ ತುಂಬಿ ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ ಹರಿಯುತ್ತಿತ್ತು. ಸೇರಬೇಕಾದ ನದಿಯೇ ಮೇಲಿದ್ದಾಗ ಕಾಲುವೆಯ ನೀರು ಎಲ್ಲಿಗೆ ಹೋಗಬೇಕು? ದಂಡೆ ಮೂರು ಕಡೆ ಒಡೆದು ಸಿಂಗ್‌ನಗರದ ಮನೆಗಳೊಳಗೆ ನುಗ್ಗಿತು. ನೀನು ನಿಂತರೆ ಜನ ನಿನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ. ಕಾಲುವೆ ಅಗಲ ಮಾಡಿಸುತ್ತೇನೆ ಅನ್ನುವುದು ಸುಲಭ. ಕೃಷ್ಣೆ ಎಷ್ಟು ಮಟ್ಟಕ್ಕೆ ಏರಿದಾಗ ಎಷ್ಟು ಅಗಲ ಮಾಡಿದರೂ ನೀರು ಹಿಡಿಯುವುದಿಲ್ಲ, ಬುಡಮೇರಿನ ಹಳೆಯ ಪಾತ್ರದಲ್ಲಿ ಎದ್ದಿರುವ ಮನೆಗಳಲ್ಲಿ ಯಾವುವು ಮತ್ತೆ ಮುಳುಗುತ್ತವೆ, ಆ ಮನೆಗಳವರಿಗೆ ಎಲ್ಲಿ ಜಾಗ ಕೊಡಬೇಕು ಎಂಬುದನ್ನೂ ಹೇಳಬೇಕು. ಮತ ಕಳೆದುಕೊಳ್ಳುವ ಮಾತು ಅದು. ಆದರೂ ಹೇಳು. ಇಲ್ಲಿ ನಿನ್ನ ಕಥೆಗಾರಿಕೆಯೂ ಉಪಯೋಗಕ್ಕೆ ಬರುತ್ತದೆ. ಒಂದು ತೂಬಿನ ಬಾಗಿಲು ತೆರೆಯದಿದ್ದರೆ ರಾತ್ರಿ ಎರಡು ಗಂಟೆಗೆ ಯಾರ ಮನೆಯ ಅಜ್ಜಿ ಮಂಚದ ಮೇಲೆ ನಿಂತಿರುತ್ತಾಳೆ ಎಂದು ಮುಂಚೆಯೇ ಕಾಣಬಲ್ಲವನು ನೀನು. ನಕ್ಷೆ ನೋಡುವ ಅಧಿಕಾರಿಗೆ ಅದು ಕಾಣದಿರಬಹುದು.

ಇನ್ನೊಂದು ಪ್ರಶ್ನೆಯೂ ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವವನು ಕೃಷ್ಣೆಯ ವಿಷಯದಲ್ಲಿ ಯಾರ ಕಡೆ? ಜಾರಿಕೊಳ್ಳಬೇಡ. ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಅವಿಭಜಿತ ಆಂಧ್ರಕ್ಕೆ 800 ಟಿಎಂಸಿ ಹಂಚಿತು ಎಂಬುದನ್ನೂ, ಆಲಮಟ್ಟಿಯಲ್ಲಿ ಬಿಟ್ಟ ನೀರು ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ ದಾಟಿ ಹೇಗೆ ನಿಮ್ಮ ಬ್ಯಾರೇಜಿಗೆ ಬರುತ್ತದೆ ಎಂಬುದನ್ನೂ ಅಚ್ಚ ತೆಲುಗಿನಲ್ಲಿ ವಿವರಿಸು. ಮೇಲಿನವರು ಗೇಟು ತೆರೆಯುವ ಮುಂಚೆ ಕೆಳಗಿನವರಿಗೆ ತಿಳಿಸಬೇಕು ಅನ್ನುವುದರಲ್ಲಿ ಎರಡೂ ರಾಜ್ಯಗಳ ಹಿತವಿದೆ. ಅದನ್ನು ಎರಡೂ ಭಾಷೆಯಲ್ಲಿ ಹೇಳಬಲ್ಲ ಅಭ್ಯರ್ಥಿಗಳು ಎಷ್ಟು ಜನ ಇದ್ದಾರು?

ಕೊನೆಗೆ ಇಲಾಖೆಯ ಒಂದು ಅಭ್ಯಾಸ. ಲೋಕೋಪಯೋಗಿ, ನೀರಾವರಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಅಳತೆ ಪುಸ್ತಕ, ನಾವು ಎಂ.ಬಿ. ಅನ್ನುತ್ತೇವೆ. ಹಾಳೆಗಳಿಗೆ ಮೊದಲೇ ನಂಬರು ಬಿದ್ದಿರುತ್ತದೆ, ಒಂದನ್ನೂ ಹರಿಯುವಂತಿಲ್ಲ. ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಾಗಿದ್ದರೆ ಓದಲು ಬರುವಂತೆ ಅಡ್ಡಗೆರೆ ಎಳೆದು, ಸರಿ ಅಂಕಿಯನ್ನು ಪಕ್ಕದಲ್ಲಿ ಬರೆದು, ಸಹಿ ಮಾಡಿ ತಾರೀಕು ಹಾಕಬೇಕು. ಮೇಲಧಿಕಾರಿ ಬಂದು ಕೆಲವನ್ನು ಮತ್ತೆ ಅಳೆದು ನೋಡುತ್ತಾರೆ. ನಿನ್ನ ವಾರ್ಡಿಗೆ ಅಂಥದೇ ಒಂದು ಪುಸ್ತಕ ಇಡು. ಯಾವ ಚರಂಡಿ ಎಷ್ಟು ಉದ್ದ, ಎಷ್ಟು ಆಳಕ್ಕೆ ಹೂಳು, ಯಾರಿಗೆ ಏನು ಮಾತು ಕೊಟ್ಟೆ, ಯಾವ ತಾರೀಕಿನೊಳಗೆ ಎಂದು ಬರೆ. ಅದನ್ನು ಯಾರು ಬೇಕಾದರೂ ಬಂದು ಓದುವಂತೆ ಇಡು, ಎದುರಾಳಿ ಪಕ್ಷದವರೂ ಓದಲಿ.

ರಾಜೀನಾಮೆಯನ್ನು ಇವತ್ತೇ ಕೊಡಬೇಡ. ಒಂದು ಮಳೆಗಾಲ ರಜೆ ಹಾಕಿ ಭವಾನಿಪುರಂನಿಂದ ಸಿಂಗ್‌ನಗರದವರೆಗೆ ನಡೆ, ಲೆವೆಲ್ ತಗೋ, ಮನೆಗಳ ಗೋಡೆಯ ಮೇಲೆ ನೀರು ನಿಂತ ಗೆರೆ ಎಷ್ಟು ಎತ್ತರವಿದೆ ಎಂದು ಅಳೆದು ಪುಸ್ತಕ ತುಂಬಿಸು. ಅದನ್ನು ನನಗೆ ಕಳುಹಿಸಿಕೊಡು, ನಾನೂ ಕೂತು ಗುಣಿಸಿ ನೋಡುತ್ತೇನೆ. ಆಮೇಲೆ ನಾಮಪತ್ರ ಸಲ್ಲಿಸು.

ಇತಿ,
ನಿನ್ನ ದೊಡ್ಡಪ್ಪ