ಸಾಯಂಕಾಲದ ಧ್ಯಾನ
ಬದುಕಿನ ಅರ್ಥವನ್ನು ಹುಡುಕುವವರಿಗೆ ಒಂದು ಪಾಠ

ಓದತಕ್ಕ ಭಾಗಗಳು: ಆದಿಕಾಂಡ 24:62–67; ಯೋಬ 2:11–13; ಕೀರ್ತನೆ 77; ಮಾರ್ಕ 1:32–38.



‘ನಾವು ಯಾತಕ್ಕೆ ಬದುಕಿದ್ದೇವೆ?’ ಎಂಬ ಪ್ರಶ್ನೆಯು ಓದಿದವರದು, ಪೇಟೆಯವರದು, ಹೊಟ್ಟೆ ತುಂಬಿದವರದು ಎಂದು ನಮ್ಮಲ್ಲಿ ಕೆಲವರು ನೆನಸುತ್ತಾರೆ. ಹೊಲ ಹರಗುವವನಿಗೂ ಕೂಲಿಗೆ ಹೋಗುವವಳಿಗೂ ಇಂಥ ವಿಚಾರಕ್ಕೆ ಸಮಯವೆಲ್ಲಿ ಎಂದು ಕೇಳುತ್ತಾರೆ. ನಾವೂ ಬಹುಕಾಲ ಹಾಗೆಯೇ ನೆನಸಿದ್ದೆವು. ಆದರೆ ಈ ಪ್ರಶ್ನೆಯು ಯಾರ ಮನೆಯ ಬಾಗಲಿಗೂ ಬರುವದು, ಬರುವಾಗ ಹೇಳಿ ಬರುವದಿಲ್ಲ ಎಂಬದನ್ನು ಒಬ್ಬ ತಾಯಿಯಿಂದ ಕಲಿತೆವು.

1. ಒಬ್ಬ ತಾಯಿಯ ಮಾತು

ಕೆಲಗೇರಿಯ ಸಮೀಪದಲ್ಲಿ ವಾಸಿಸುವ ಒಬ್ಬ ವಿಧವೆಗೆ ಒಬ್ಬನೇ ಮಗನಿದ್ದನು. ಅವನು ಜ್ವರ ಬಂದು ಕೆಲವೇ ದಿನಗಳಲ್ಲಿ ತೀರಿಹೋದನು. ಮಣ್ಣು ಮಾಡಿದ ಮೂರನೆಯ ದಿನ ನಾವು ಆಕೆಯನ್ನು ಸಂತೈಸುವದಕ್ಕೆ ಹೋದೆವು. ಆಕೆಯು ನಮ್ಮನ್ನು ನೋಡಿ, “ಅಪ್ಪಾರ, ನಾ ಇನ್ನ ಯಾತಕ್ಕ ಬದುಕಬೇಕ್ರಿ? ಅಂವಾ ಹೋದ ಮ್ಯಾಲೆ...” ಎಂದು ಆರಂಭಿಸಿದಳು. ನಾವು ತಡಮಾಡದೆ ವೇದಪುಸ್ತಕವನ್ನು ತೆರೆದು, ಒಂದರ ಹಿಂದೆ ಒಂದಾಗಿ ನಾಲ್ಕು ವಾಕ್ಯಗಳನ್ನು ಓದಿ, ಪುನರುತ್ಥಾನದ ವಿಷಯವಾಗಿ ಹೇಳಿ, ಪ್ರಾರ್ಥನೆ ಮಾಡಿ ಎದ್ದೆವು. ಆಕೆಯು ಬಾಗಲ ತನಕ ಬಂದು ಮೆಲ್ಲಗೆ, “ಅಪ್ಪಾರ, ನನ್ನ ಪ್ರಶ್ನಿ ಮುಗಿಯೂದರೊಳಗ ನಿಮ್ಮ ಉತ್ತರ ಮುಗೀತ್ರಿ” ಎಂದಳು.

ಆಕೆಯ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಆದಕಾರಣ ಅದು ನಮಗೆ ಇನ್ನೂ ಹೆಚ್ಚಾಗಿ ನಾಟಿತು.

ಮನೆಗೆ ತಿರುಗಿ ಹೋಗುವಾಗ ಕೆಲಗೇರಿಯ ಕೆರೆಯ ಏರಿಯ ಮೇಲೆ ಕೂತೆವು. ಆ ಕೆರೆಯು ಧಾರವಾಡದಿಂದ ಗೋವೆಗೆ ಹೋಗುವ ದಾರಿಯಲ್ಲಿ ಇರುವದೆಂದು ನಿಮಗೆ ಗೊತ್ತುಂಟು. ಒಂದು ಕಾಲದಲ್ಲಿ ಪೇಟೆಯವರಿಗೆ ಕುಡಿಯುವ ನೀರು ಅದರಿಂದ ಸಿಕ್ಕುತ್ತಿತ್ತು. ಈಗ ಮಲಪ್ರಭೆಯ ನೀರು ಬರುತ್ತದೆ, ಕೆರೆಗೆ ಮನೆಗಳ ಕೊಳೆನೀರು ಸೇರಿ ಜಲಕಳೆ ಬೆಳೆದದ್ದನ್ನು ನಾವು ಕಂಡಿದ್ದೇವೆ. ಕೆರೆಯು ಒಂದೇ ದಿನದಲ್ಲಿ ಕೆಡುವದಿಲ್ಲ. ದಿನದಿನವೂ ಒಳಗೆ ಬಂದದ್ದನ್ನು ಯಾರೂ ನೋಡದೆ ಹೋದದರಿಂದ ಕೆಡುವದು. ಅಲ್ಲಿ ಕೂತು ನಮ್ಮನ್ನು ನಾವೇ ವಿಚಾರಿಸಿಕೊಂಡಾಗ, ಎಷ್ಟೋ ತಿಂಗಳುಗಳಿಂದ ಒಂದು ಗಳಿಗೆಯಾದರೂ ದೇವರ ಮುಂದೆ ಸುಮ್ಮನೆ ಕೂತಿರಲಿಲ್ಲವೆಂದು ಕಂಡಿತು. ನಾವು ವೇದಪುಸ್ತಕವನ್ನು ಓದುತ್ತಿದ್ದೆವು, ಆದರೆ ಬೇರೆಯವರಿಗೆ ಹೇಳುವದಕ್ಕಾಗಿ ಓದುತ್ತಿದ್ದೆವು. ಪ್ರಾರ್ಥಿಸುತ್ತಿದ್ದೆವು, ಆದರೆ ಕೇಳುವವರು ಇದ್ದಾಗ ಪ್ರಾರ್ಥಿಸುತ್ತಿದ್ದೆವು. ಸಮಯ ಉಳಿದರೆ ಕೈಯಲ್ಲಿರುವ ಫೋನು ಅದನ್ನು ತಿನ್ನುತ್ತಿತ್ತು. ತನ್ನೊಳಗೆ ಪ್ರಶ್ನೆಯನ್ನು ಇಟ್ಟುಕೊಳ್ಳಲಾರದವನು ಇನ್ನೊಬ್ಬರ ಪ್ರಶ್ನೆಯನ್ನು ಹೇಗೆ ಕೇಳಿಸಿಕೊಂಡಾನು?

ಯೋಬನ ಮೂವರು ಸ್ನೇಹಿತರನ್ನು ನಾವು ಯಾವಾಗಲೂ ದೂಷಿಸುತ್ತೇವೆ. ಆದರೆ ಅವರು ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಕೂತು ಒಂದು ಮಾತನ್ನೂ ಆಡಲಿಲ್ಲ. ಅವರ ತಪ್ಪು ಬಾಯಿ ತೆರೆದ ಮೇಲೆ ಆರಂಭವಾಯಿತು. ನಾವಾದರೋ ಏಳು ನಿಮಿಷವೂ ಸುಮ್ಮನಿರಲಿಲ್ಲ.

2. ಹೊಲದಲ್ಲಿ ಇಸಾಕನು

ಆದಿಕಾಂಡದ 24ನೆಯ ಅಧ್ಯಾಯದಲ್ಲಿ ಇಸಾಕನು ಸಂಜೆಯ ಹೊತ್ತಿಗೆ ಧ್ಯಾನಿಸುವದಕ್ಕೆ ಹೊಲಕ್ಕೆ ಹೋದನೆಂದು ಓದುತ್ತೇವೆ. ಆ ಇಬ್ರಿಯ ಮಾತಿನ ಅರ್ಥವನ್ನು ಕುರಿತು ಪಂಡಿತರಲ್ಲಿ ಭೇದವುಂಟು: ಕೆಲವರು ‘ಧ್ಯಾನಿಸುವದಕ್ಕೆ’ ಎಂದೂ, ಕೆಲವರು ‘ತಿರುಗಾಡುವದಕ್ಕೆ’ ಎಂದೂ, ಇನ್ನು ಕೆಲವರು ‘ದುಃಖವನ್ನು ತೋಡಿಕೊಳ್ಳುವದಕ್ಕೆ’ ಎಂದೂ ಹೇಳುತ್ತಾರೆ. ಈ ಮೂರೂ ಅವನಿಗೆ ಒಪ್ಪುತ್ತವೆ. ಯಾಕಂದರೆ ಆ ಅಧ್ಯಾಯದ ಕಡೇ ವಚನವನ್ನು ನೋಡಿದರೆ, ಅವನು ತಾಯಿಯನ್ನು ಕಳಕೊಂಡು ಇನ್ನೂ ಸಮಾಧಾನ ಹೊಂದದವನಾಗಿದ್ದನು ಎಂದು ತಿಳಿಯುವದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಅವನು ಧ್ಯಾನಕ್ಕಾಗಿ ಬೆಟ್ಟಕ್ಕೂ ಕಾಡಿಗೂ ಓಡಿಹೋಗಲಿಲ್ಲ; ಹೊಲವೇ ಅವನಿಗೆ ಸಾಕಾಯಿತು. ಮತ್ತು ದುಃಖವು ತೀರಿದ ಮೇಲೆ ಧ್ಯಾನಿಸೋಣ ಎಂದು ಕಾಯಲಿಲ್ಲ. ದುಃಖವನ್ನು ಹೊತ್ತುಕೊಂಡೇ ಹೋದನು. ಆದಕಾರಣ, ಪ್ರಿಯರೇ, ‘ಮನಸ್ಸು ಸರಿಯಾದ ಮೇಲೆ ಪ್ರಾರ್ಥಿಸುತ್ತೇನೆ’ ಎಂದು ಹೇಳಬೇಡಿರಿ. ಕಾಲು ತೊಳೆದುಕೊಂಡು ಬಾವಿಗೆ ಹೋಗುವೆನು ಎಂಬವನಿಗೆ ನೀರು ಎಲ್ಲಿಂದ ಬರುವದು?

ನಮ್ಮ ಭಾಷೆಯೂ ಈ ವಿಷಯದಲ್ಲಿ ನಮಗೆ ಗುರುವಾಗಿದೆ. ಹಿಂದಿನವರು ‘ಬಗೆ’ ಎಂಬ ಮಾತನ್ನು ಆಲೋಚಿಸು ಎಂಬ ಅರ್ಥದಲ್ಲಿ ಉಪಯೋಗಿಸಿದರು. ಅದೇ ಮಾತು ನೆಲವನ್ನು ಕೈಯಿಂದ ತೋಡುವದಕ್ಕೂ ಸಲ್ಲುತ್ತದೆ. ಹೊಳೆ ಬತ್ತಿದಾಗ ಹೆಣ್ಣುಮಕ್ಕಳು ಉಸುಕನ್ನು ಬಗೆದು ಒರತೆಯ ನೀರನ್ನು ತುಂಬಿಕೊಳ್ಳುವದನ್ನು ನೀವು ನೋಡಿದ್ದೀರಿ. ಮೊದಲು ಬರುವ ನೀರು ರಾಡಿಯಾಗಿರುವದು. ಅದನ್ನು ಚೆಲ್ಲಿ ಸ್ವಲ್ಪ ತಾಳಿದರೆ ತಿಳಿನೀರು ಊರುವದು. ಧ್ಯಾನವೂ ಹಾಗೆಯೇ. ಕೂತ ಕೂಡಲೆ ಸಾಲ, ಜಗಳ, ಮಳೆ, ಮಗಳ ಮದುವೆ ಇವೇ ಮೇಲಕ್ಕೆ ಬರುವವು. ಹೆದರಿ ಎದ್ದು ಹೋಗಬಾರದು, ತಾಳಬೇಕು.

3. ಹಿರಿಯರ ರೂಢಿ

ನಮ್ಮ ಸಭೆಗಳಿಗೆ ಸುವಾರ್ತೆಯನ್ನು ತಂದವರಲ್ಲಿ ಈ ರೂಢಿ ಇತ್ತು. 1675ರಲ್ಲಿ ಜರ್ಮನಿಯ ಸ್ಪೇನರ್ ಎಂಬ ಬೋಧಕರು, ಸಾಮಾನ್ಯ ಜನರೂ ಮನೆಗಳಲ್ಲಿ ಕೂಡಿ ದೇವರ ವಾಕ್ಯವನ್ನು ಓದಿ ತಮ್ಮ ನಡತೆಯನ್ನು ಶೋಧಿಸಿಕೊಳ್ಳಬೇಕೆಂದು ಪುಸ್ತಕ ಬರೆದರು. ಹೆರ್ನ್‌ಹುಟ್ ಎಂಬ ಹಳ್ಳಿಯ ಸಹೋದರರು 1728ರಲ್ಲಿ ದಿನಕ್ಕೊಂದು ವಾಕ್ಯವನ್ನು ಮನೆಮನೆಗೆ ಹೇಳಿಕಳುಹಿಸುವ ಪದ್ಧತಿಯನ್ನು ಆರಂಭಿಸಿದರು. 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತಾ, ಈಗಲೂ ಅನೇಕ ಭಾಷೆಗಳಲ್ಲಿ ಹೊರಡುತ್ತದೆ. ಇಂಥ ಭಕ್ತಿಯಲ್ಲಿ ಬೆಳೆದವರೇ 1815ರಲ್ಲಿ ಬಾಸೆಲ್ ಮಿಶನ್ನನ್ನು ಸ್ಥಾಪಿಸಿದರು. ಅದರ ಮೂವರು ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ ಕೆಲಸವು ಆರಂಭವಾಯಿತು.

ನೆರೆಹೊರೆಯವರನ್ನೂ ನೋಡಿರಿ. ಲಿಂಗವಂತರ ಮನೆಯ ಹಿರಿಯರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸಿ ಕೂಡ್ರುತ್ತಾರೆ. ಮುಸಲ್ಮಾನ ಸಹೋದರನು ದಿನಕ್ಕೆ ಐದು ಸಲ ಕೆಲಸವನ್ನು ನಿಲ್ಲಿಸುತ್ತಾನೆ. ನಮಗೆ ನೇಮದ ಬಂಧನವಿಲ್ಲವೆಂದು ನಾವು ಹೇಳುತ್ತೇವೆ, ಅದು ನಿಜವೇ. ಆದರೆ ಬಂಧನವಿಲ್ಲವೆಂದು ಹೇಳಿ ಸಮಯವನ್ನೇ ಕೊಡದೆ ಹೋದರೆ ಅದು ಸ್ವಾತಂತ್ರ್ಯವಲ್ಲ, ಅಸಡ್ಡೆ.

4. ಮಾಡತಕ್ಕ ಕ್ರಮ

ದಿನಕ್ಕೆ ಒಂದು ಕಾಲು ಗಂಟೆ ಸಾಕು. ಅದನ್ನು ನಾಲ್ಕು ಭಾಗ ಮಾಡಿರಿ.

ಒಂದನೆಯದು, ನಿಲ್ಲುವದು. ಒಂದು ಹೊತ್ತನ್ನೂ ಒಂದು ಸ್ಥಳವನ್ನೂ ಗೊತ್ತುಮಾಡಿಕೊಳ್ಳಿರಿ: ಎತ್ತುಗಳಿಗೆ ಮೇವು ಹಾಕಿದ ಮೇಲೆ ಹಕ್ಕೆಯ ಬಳಿಯಲ್ಲಿ, ಇಲ್ಲವೆ ರೊಟ್ಟಿ ಬಡಿದು ಒಲೆ ಆರಿಸಿದ ಮೇಲೆ ಅಡಿಗೆಮನೆಯಲ್ಲಿ. ಫೋನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಓದು ಬಾರದವರು ಮಕ್ಕಳಿಂದ ಒಂದೇ ವಚನವನ್ನು ಓದಿಸಿ ಕೇಳಲಿ.

ಎರಡನೆಯದು, ನೆನಸುವದು. ಬೆಳಗಿನಿಂದ ಸಂಜೆಯ ವರೆಗೆ ನಡೆದದ್ದನ್ನು ಒಂದೊಂದಾಗಿ ಮನಸ್ಸಿಗೆ ತಂದುಕೊಳ್ಳಿರಿ. ಎಲ್ಲಿ ಕೃಪೆಯು ಕಂಡಿತು? ಯಾರ ಮುಖವು ಬಾಡಿತು? 77ನೆಯ ಕೀರ್ತನೆಯಲ್ಲಿ ಆಸಾಫನು ನಿದ್ದೆ ಬಾರದ ರಾತ್ರಿಯಲ್ಲಿ ಆರು ಪ್ರಶ್ನೆಗಳನ್ನು ಕೇಳುತ್ತಾನೆ. ಎಲ್ಲವೂ ದೇವರು ತಮ್ಮನ್ನು ಮರೆತನೋ ಎಂಬಂಥವು. ಆ ಪ್ರಶ್ನೆಗಳಿಗೆ ನೇರವಾದ ಉತ್ತರವು ಆ ಕೀರ್ತನೆಯಲ್ಲಿ ಎಲ್ಲಿಯೂ ಇಲ್ಲ. ಅವನು ದೇವರು ಹಿಂದೆ ಮಾಡಿದ ಕೃತ್ಯಗಳನ್ನು ನೆನಸುವದಕ್ಕೆ ತೊಡಗುತ್ತಾನೆ, ಅಷ್ಟೇ. ಕಡೆಯಲ್ಲಿ, ದೇವರು ನೀರಿನೊಳಗಿಂದ ದಾರಿ ಮಾಡಿ ನಡೆದನು, ಹೆಜ್ಜೆಯ ಗುರುತು ಮಾತ್ರ ಕಾಣಲಿಲ್ಲ ಎಂಬ ಅರ್ಥದ ಮಾತು ಬರುತ್ತದೆ. ಬದುಕಿನ ಅರ್ಥವನ್ನು ಹುಡುಕುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಹೆಜ್ಜೆಗಳು ಕಾಣದಿದ್ದರೂ ದಾರಿ ಉಂಟು.

ಮೂರನೆಯದು, ಬಗೆದು ನೋಡುವದು. ‘ಇಂದು ನಾನು ಯಾರಿಗೆ ತಪ್ಪಿದೆನು?’ ಎಂದು ಕೇಳಿಕೊಳ್ಳಿರಿ. ಹೆಸರು ಹಿಡಿದು ಅರಿಕೆಮಾಡಿರಿ. ‘ನಾನು ಪಾಪಿಯು’ ಎಂದು ಹೇಳುವದು ಸುಲಭ. ‘ಅಣ್ಣನ ಬದುವನ್ನು ಒಂದು ಗೇಣು ಒತ್ತಿದೆನು’ ಎಂದು ಹೇಳುವದು ಕಷ್ಟ.

ನಾಲ್ಕನೆಯದು, ಎದ್ದು ಹೋಗುವದು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕರ್ತನು ಸಂಜೆಯೆಲ್ಲಾ ರೋಗಿಗಳನ್ನು ಸ್ವಸ್ಥಮಾಡಿ, ಮರುದಿನ ಇನ್ನೂ ಕತ್ತಲಿರುವಾಗಲೇ ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ಆತನನ್ನು ಕೇಳುತ್ತಾರೆಂದು ಹೇಳಿದಾಗ, ಹತ್ತಿರದ ಬೇರೆ ಊರುಗಳಿಗೆ ಹೋಗೋಣವೆಂದನು. ಏಕಾಂತವು ಆತನಿಗೆ ಮುಂದಿನ ದಾರಿಯನ್ನು ತೋರಿಸಿತು. ನಮ್ಮ ಧ್ಯಾನವೂ ಒಂದು ಕೆಲಸವಾಗಿ ಮುಗಿಯಲಿ: ತೆಗೆದುಕೊಂಡ ಸಾಲವನ್ನು ತಿರುಗಿ ಕೊಡುವದು, ಬಿಟ್ಟ ಮಾತನ್ನು ಮತ್ತೆ ಆಡುವದು, ಬದುವನ್ನು ಅದರ ಸ್ಥಳಕ್ಕೆ ಸರಿಸುವದು.

5. ಎರಡು ಎಚ್ಚರಿಕೆಗಳು

ಚಿಂತನೆಯು ಚಿಂತೆಯಾಗಬಾರದು. ಎರಡೂ ಒಂದೇ ಬೇರಿನ ಮಾತುಗಳು. ಆದರೆ ಚಿಂತೆಯು ಗಾಣದ ಎತ್ತಿನಂತೆ ಅಲ್ಲೇ ಸುತ್ತುವದು, ಚಿಂತನೆಯು ಕೂರಿಗೆಯ ಎತ್ತಿನಂತೆ ಮುಂದಕ್ಕೆ ಹೋಗುವದು. ಯಾರಾದರೂ ಅನೇಕ ವಾರಗಳಿಂದ ನಿದ್ದೆ ಇಲ್ಲದೆ, ಊಟ ಸೇರದೆ, ಸಾಯಬೇಕೆಂದು ಹೇಳುತ್ತಿದ್ದರೆ, ‘ಪ್ರಾರ್ಥಿಸು’ ಎಂದಷ್ಟೇ ಹೇಳಿ ಬಿಟ್ಟುಬಿಡಬೇಡಿರಿ. ಸಾವನ್ನು ಬೇಡಿಕೊಂಡ ಎಲೀಯನಿಗೆ ದೇವರು ಮೊದಲು ಉಪದೇಶವನ್ನು ಕೊಡಲಿಲ್ಲ. ನಿದ್ದೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಧಾರವಾಡದಲ್ಲಿ ಮನಸ್ಸಿನ ರೋಗಗಳಿಗಾಗಿ ಡಿಮ್ಹಾನ್ಸ್ ಎಂಬ ಸರಕಾರದ ಆಸ್ಪತ್ರೆ ಇದೆ. ಅಂಥವರ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುವದು ಅವಿಶ್ವಾಸವಲ್ಲ, ಪ್ರೀತಿ.

ಎರಡನೆಯದಾಗಿ, ಧ್ಯಾನವು ಹೆಮ್ಮೆಯಾಗಬಾರದು. ದೇವಾಲಯದಲ್ಲಿ ನಿಂತ ಫರಿಸಾಯನೂ ತನ್ನ ವಾರವನ್ನೆಲ್ಲಾ ಲೆಕ್ಕಹಾಕಿದನು. ಆದರೆ ಪಕ್ಕದವನ ತಪ್ಪಿನ ಲೆಕ್ಕವನ್ನೂ ಸೇರಿಸಿದನು.

6. ಕಡೆಯ ಮಾತು

ಎಂಟು ದಿನಗಳಾದ ಮೇಲೆ ನಾವು ಆ ತಾಯಿಯ ಮನೆಗೆ ತಿರುಗಿ ಹೋದೆವು. ಆಕೆಯು ಮೊರದಲ್ಲಿ ಜೋಳವನ್ನು ಹಸನು ಮಾಡುತ್ತಿದ್ದಳು. ಈ ಸಲ ಪುಸ್ತಕವನ್ನು ತೆರೆಯದೆ, ಪಕ್ಕದಲ್ಲಿ ಕೂತು ಹರಳನ್ನು ಆರಿಸಿ ತೆಗೆಯುತ್ತಾ ಇದ್ದೆವು. ಬಹಳ ಹೊತ್ತಿನ ಮೇಲೆ ಆಕೆಯು ತಾನಾಗಿಯೇ ಮಗನ ಮಾತನ್ನು ಎತ್ತಿದಳು: ಅವನು ಚಿಕ್ಕವನಿದ್ದಾಗ ಮಾಡಿದ ತುಂಟತನ, ಅವನ ನಗು, ಕಡೆಯ ರಾತ್ರಿಯಲ್ಲಿ ನೀರು ಕೇಳಿದ್ದು. ನಾವು ಕೇಳಿಸಿಕೊಂಡೆವು. ಹೊರಡುವಾಗ, ದಿನಾಲು ಹೊತ್ತು ಮುಳುಗುವಾಗ ಆ ದಿನದ ಒಂದೇ ಒಂದು ಸಂಗತಿಯನ್ನು ದೇವರಿಗೆ ಹೇಳಿರಿ ಎಂದು ಮಾತ್ರ ಬೇಡಿಕೊಂಡೆವು.

ಮೊದಮೊದಲು ಆಕೆಯು ಹೇಳಿದ್ದೆಲ್ಲಾ ಅಳುವೇ ಆಗಿತ್ತು. ಕೆಲವು ತಿಂಗಳಾದ ಮೇಲೆ ಒಂದು ದಿನ, “ಇವತ್ತ ನೆರೆಮನಿ ಕೂಸು ನನ್ನ ತೊಡಿ ಮ್ಯಾಲೆ ಮಲಗಿತ್ರಿ. ಅದನ್ನ ದೇವರಿಗೆ ಹೇಳಿದೆ” ಎಂದಳು. ‘ಯಾತಕ್ಕ ಬದುಕಬೇಕು’ ಎಂಬ ಪ್ರಶ್ನೆಯನ್ನು ಆಕೆಯು ಇನ್ನೂ ಬಿಟ್ಟಿಲ್ಲ. ಆದರೆ ಈಗ ಅದನ್ನು ಒಬ್ಬಳೇ ಹೊತ್ತಿಲ್ಲ. ಆ ಕೂಸಿನ ತಾಯಿಯು ಕೂಲಿಗೆ ಹೋಗುವಾಗ ಅದನ್ನು ಆಕೆಯ ಹತ್ತಿರವೇ ಬಿಟ್ಟು ಹೋಗುತ್ತಾಳೆ.

ಪ್ರಿಯರೇ, ಬದುಕಿನ ಅರ್ಥವು ಒಂದೇ ಸಲಕ್ಕೆ ಕೈಗೆ ಸಿಕ್ಕುವ ಹೂಳಿಟ್ಟ ಹಣವಲ್ಲ. ಅದು ದಿನದಿನವೂ ಬಗೆದು ತುಂಬಿಕೊಳ್ಳತಕ್ಕ ಒರತೆಯ ನೀರು. ಇಂದಿನ ಸಂಜೆಯಿಂದಲೇ ಆರಂಭಿಸಿರಿ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಇಸಾಕನು ಹೊಲಕ್ಕೆ ಹೋದಾಗ ಅವನ ಮನಸ್ಸಿನಲ್ಲಿ ಯಾವ ದುಃಖವಿತ್ತು?
2. ಯೋಬನ ಸ್ನೇಹಿತರು ಮಾಡಿದ ಒಳ್ಳೇದು ಯಾವದು? ಅವರು ತಪ್ಪಿದ್ದು ಯಾವಾಗ?
3. ನಮ್ಮ ಮನೆಯಲ್ಲಿ ಸುಮ್ಮನೆ ಕೂಡ್ರುವದಕ್ಕೆ ಯಾವ ಹೊತ್ತು, ಯಾವ ಸ್ಥಳ ಅನುಕೂಲ?
4. ನಾವು ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟ ಮನುಷ್ಯರು ಯಾರಾದರೂ ಇದ್ದಾರೋ? ಈ ವಾರದಲ್ಲಿ ಅವರ ಮನೆಗೆ ಹೋಗುವೆವೋ?